ಫೈಟೇಸ್ ಹಾಕಿದರೆ ಫೀಡ್ ಖರ್ಚು ನಿಜವಾಗಿ ಇಳಿಯುತ್ತಾ?

ಹೆಸರಘಟ್ಟ ಲೇಯರ್:
ಎಲ್ಲರಿಗೂ ನಮಸ್ಕಾರ. ಹೆಸರಘಟ್ಟದ ಹತ್ತಿರ 5,000 ಲೇಯರ್ (ಮೊಟ್ಟೆ) ಕೋಳಿ ಸಾಕಿದ್ದೇನೆ. ಫೀಡ್ ನಾವೇ ಮಿಕ್ಸ್ ಮಾಡುತ್ತೇವೆ: ಮುಸುಕಿನ ಜೋಳ, ಸೋಯಾ ಹಿಂಡಿ, ಎಣ್ಣೆ ತೆಗೆದ ತೌಡು, ಸ್ವಲ್ಪ ಸೂರ್ಯಕಾಂತಿ ಹಿಂಡಿ. ಮೊನ್ನೆ ಸೇಲ್ಸ್‌ನವರೊಬ್ಬರು ಬಂದು ಫೈಟೇಸ್ ಅನ್ನುವ ಎನ್‌ಜೈಮ್ ಪುಡಿ ತೋರಿಸಿದರು. ಜೊತೆಗೆ ನಾಲ್ಕೈದು ಎನ್‌ಜೈಮ್ ಸೇರಿಸಿದ ಇನ್ನೊಂದು ಪುಡಿ. "ಇರುವ ಫೀಡ್‌ಗೇ ಸುಮ್ನೆ ಸೇರಿಸಿ ಸಾರ್" ಅಂದರು. ಖರ್ಚಿನ ಮುಕ್ಕಾಲು ಪಾಲು ಫೀಡ್‌ಗೇ ಹೋಗುತ್ತಿದೆ. ಇದರಿಂದ ಉಳಿತಾಯ ಆಗುತ್ತಾ?

ಫೀಡ್‌ಮಿಲ್ ಯಶವಂತಪುರ:
ಸಾರ್, "ಸುಮ್ನೆ ಸೇರಿಸಿ" ಅನ್ನುವುದನ್ನು ಒಪ್ಪಬೇಡಿ. ಫಾರ್ಮುಲಾ ಹಾಕುವುದೇ ನನ್ನ ಕೆಲಸ. ದುಡ್ಡು ಉಳಿಯುವುದು ಫೈಟೇಸ್ ಹಾಕಿದ್ದರಿಂದ ಅಲ್ಲ, ಅದನ್ನು ಹಾಕಿ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ರಂಜಕಕ್ಕೆ ಅಂತ ಹಾಕುವ ಪುಡಿ) ಕಡಿಮೆ ಮಾಡಿದ್ದರಿಂದ.

ಜೋಳ, ಹಿಂಡಿ, ತೌಡಿನಲ್ಲಿರುವ ರಂಜಕದ (ಫಾಸ್ಫರಸ್) ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಕೋಳಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ತೀರಾ ಕಡಿಮೆ, ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ನಾವು ಡಿಸಿಪಿ ಸುರಿಯುವುದು. ಫೈಟೇಸ್ ಆ ರಂಜಕವನ್ನು ಬಿಡಿಸಿಕೊಡುತ್ತದೆ.

ಲೆಕ್ಕ ನೋಡಿ. ಕೆಜಿ ಫೀಡ್‌ಗೆ 500 ಯೂನಿಟ್ ಫೈಟೇಸ್ ಹಾಕಿದರೆ ಸಾಮಾನ್ಯವಾಗಿ 0.1% ರಂಜಕ ಸಿಗುತ್ತದೆ ಅಂತ ಹಿಡಿಯುತ್ತೇವೆ. ಅಂದರೆ ಟನ್‌ಗೆ 1 ಕೆಜಿ. ಡಿಸಿಪಿಯಲ್ಲಿ ರಂಜಕ 18%, ಹಾಗಾಗಿ ಟನ್‌ಗೆ ಐದೂವರೆ ಕೆಜಿ ಡಿಸಿಪಿ ತೆಗೆಯಬಹುದು. ಕೋಳಿಗೆ ದಿನಕ್ಕೆ 110 ಗ್ರಾಂ ಅಂದರೂ ನಿಮ್ಮಲ್ಲಿ ತಿಂಗಳಿಗೆ ಹದಿನಾರೂವರೆ ಟನ್ ಫೀಡ್ ಬೇಕು. ಹತ್ತಿರ ಹತ್ತಿರ 90 ಕೆಜಿ ಡಿಸಿಪಿ ಉಳಿಯಿತು. ಗ್ರಾಂಗೆ 5,000 ಯೂನಿಟ್ ಇರುವ ಫೈಟೇಸ್ ಆದರೆ ಟನ್‌ಗೆ ಬರೀ 100 ಗ್ರಾಂ ಸಾಕು. ಎರಡರ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ.

ಡಿಸಿಪಿ ಹಾಗೇ ಬಿಟ್ಟು ಫೈಟೇಸ್ ಹಾಕಿದರೆ ಅದು ಹೆಚ್ಚುವರಿ ಖರ್ಚು, ಅಷ್ಟೇ.

ಹೆಸರಘಟ್ಟ ಲೇಯರ್:
ತುಂಬಾ ಥ್ಯಾಂಕ್ಸ್ ಅಣ್ಣ. ಆದರೆ ಡಿಸಿಪಿ ತೆಗೆದರೆ ಮೊಟ್ಟೆ ಚಿಪ್ಪು ತೆಳುವಾಗಲ್ವಾ? ಅದೇ ಭಯ.

ಹೆಬ್ಬಾಳ ವೆಟ್:
ಭಯ ಸರಿಯಾದದ್ದೇ. ಡಿಸಿಪಿ ಜೊತೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ. ಆ ಜಾಗಕ್ಕೆ ಟನ್‌ಗೆ ಮೂರು ಕೆಜಿ ಚಿಲ್ಲರೆ ಸುಣ್ಣದ ಕಲ್ಲಿನ ಪುಡಿ ಹಾಕಿ. ಅದು ಅಗ್ಗ. ಆದರೆ ಸುರಕ್ಷಿತ ಅಂತ ಕೈಬಿಚ್ಚಿ ಸುಣ್ಣ ಸುರಿಯಬೇಡಿ. ಕ್ಯಾಲ್ಸಿಯಂ ಅತಿಯಾದರೆ ಫೈಟೇಟ್ ಅದರ ಜೊತೆ ಗಂಟು ಹಾಕಿಕೊಳ್ಳುತ್ತದೆ, ಆಗ ಫೈಟೇಸ್ ಕೆಲಸ ಕುಗ್ಗುತ್ತದೆ. ಮೊದಲು ಒಂದೇ ಶೆಡ್‌ನಲ್ಲಿ ಮಾಡಿ, ಒಡೆದ ಮೊಟ್ಟೆಗಳನ್ನು ದಿನಾ ಬರೆದಿಡಿ.

ಇನ್ನೊಂದು ಪುಡಿ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಜೋಳ-ಸೋಯಾ ಫೀಡ್‌ನಲ್ಲಿ, ಅಂಥ ಪುಡಿಗಳಲ್ಲಿರುವ ಕ್ಸೈಲನೇಸ್‌ಗೆ (ಧಾನ್ಯದ ನಾರು ಒಡೆಯುವ ಎನ್‌ಜೈಮ್) ಅಷ್ಟು ಕೆಲಸ ಇರುವುದಿಲ್ಲ. ಗೋಧಿಯಂಥ ಅಂಟು ಧಾನ್ಯ ಇದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಜೋಳದ ರೇಟು ಏರಿ, ನೀವು ತೌಡು, ಸೂರ್ಯಕಾಂತಿ ಹಿಂಡಿ ಜಾಸ್ತಿ ಮಾಡಿದರೆ ಆಗ ಯೋಚಿಸಿ.

ಫೀಡ್‌ಮಿಲ್ ಯಶವಂತಪುರ:
ಡಾಕ್ಟರ್ ಹೇಳಿದ್ದು ಸರಿ. ಇನ್ನೊಂದು ಮಾತು. 100 ಗ್ರಾಂ ಪುಡಿಯನ್ನು ನೇರವಾಗಿ ಮಿಕ್ಸರ್‌ಗೆ ಹಾಕಬೇಡಿ, ಒಂದೇ ಮೂಲೆಯಲ್ಲಿ ಉಳಿಯುತ್ತದೆ. ಮೊದಲು ಐದು ಕೆಜಿ ಜೋಳದ ನುಚ್ಚಿನಲ್ಲಿ ಕೈಯಲ್ಲೇ ಚೆನ್ನಾಗಿ ಕಲಸಿ, ಆಮೇಲೆ ಹಾಕಿ. ನಿಮ್ಮದು ಮ್ಯಾಶ್ (ಪುಡಿ) ಫೀಡ್, ಬಿಸಿಯ ತೊಂದರೆ ಇಲ್ಲ. ಬಿಸಿ ಮಾಡಿ ಒತ್ತಿ ಪೆಲೆಟ್ (ಗುಳಿಗೆ) ಮಾಡುವವರು ಮಾತ್ರ ಬಿಸಿ ತಡೆಯುವ, ಕೋಟಿಂಗ್ ಇರುವುದನ್ನೇ ಕೇಳಿ ತಗೊಳ್ಳಿ.