ಅಪ್‌ಡೇಟ್: ಫ್ಲೋರೋಸಿಸ್ ಕಲೆ, ಮುರಿದ ಮೂಲೆ, ಆರು ವೆನೀರ್ ಬೇಕಾ?

ಪಾವಗಡದ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರಿನಿಂದ ಹಲ್ಲಿಗೆ ಬಂದ ಕಂದು ಕಲೆ (ಅದೇ ಫ್ಲೋರೋಸಿಸ್), ಜೊತೆಗೆ ಒಂದು ಮುಂದಿನ ಹಲ್ಲಿನ ಮೂಲೆ ಚಕ್ಕೆ ಎದ್ದಿದೆ. ಮೇಲಿನ ಆರು ಮುಂದಿನ ಹಲ್ಲಿಗೂ ಪೋರ್ಸಲಿನ್ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಹೊದಿಕೆ) ಹಾಕಿಸಬೇಕಾ ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ವೆನೀರ್ ಬೇಕಾದದ್ದು ಎರಡಕ್ಕೆ ಮಾತ್ರ.

ಮೊದಲು ಮೈಕ್ರೋಅಬ್ರೇಷನ್. ಒಸಡಿಗೆ ಆಮ್ಲ ತಾಗದಂತೆ ರಬ್ಬರ್ ಡ್ಯಾಮ್ (ರಬ್ಬರ್ ಹಾಳೆ) ಕಟ್ಟಿ, ಹೈಡ್ರೋಕ್ಲೋರಿಕ್ ಆಮ್ಲವಿರುವ ಪೇಸ್ಟಿನಿಂದ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲ್ಭಾಗ ಉಜ್ಜುತ್ತಾರೆ. ಮೇಲಿನ ಕಂದು ಹೋಗುತ್ತೆ, ಗುಳಿ ಬಿದ್ದದ್ದು ಹೋಗಲ್ಲ. ಆಮೇಲೆ ಹಲ್ಲಿನ ಅಚ್ಚಿನ ಟ್ರೇನಲ್ಲಿ 10% ಕಾರ್ಬಮೈಡ್ ಪೆರಾಕ್ಸೈಡ್ ಬ್ಲೀಚ್. ಅದು ಮುಗಿದು ಎರಡು ವಾರ ಏನೂ ಅಂಟಿಸಬಾರದು: ಹಲ್ಲಿನಲ್ಲಿ ಉಳಿದ ಆಮ್ಲಜನಕ ರೆಸಿನ್ (ಅಂಟಿಸುವ ವಸ್ತು) ಸರಿಯಾಗಿ ಗಟ್ಟಿಯಾಗಲು ಬಿಡಲ್ಲ. ಶೇಡ್ (ವೆನೀರ್ ಬಣ್ಣ) ಆರಿಸುವುದೂ ಆ ಎರಡು ವಾರ ಕಳೆದ ಮೇಲೆಯೇ, ಪೋರ್ಸಲಿನ್ ಮುಂದೆ ಬ್ಲೀಚ್‌ಗೆ ಬೆಳ್ಳಗಾಗಲ್ಲವಲ್ಲ.

ಮುರಿದ ಮೂಲೆಗೆ ಕಾಂಪೊಸಿಟ್ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್) ಸಾಕಾಯ್ತು. ಕಲೆ ಕಟ್ಟುತ್ತೆ ನಿಜ, ಆದರೆ ಪಾಲಿಶ್, ರಿಪೇರಿ ಎರಡೂ ಸುಲಭ.

ಗುಳಿ ಬಿದ್ದ ಎರಡಕ್ಕೆ ವೆನೀರ್. ಸುಮಾರು 0.5 ಮಿ.ಮೀ. ಉಜ್ಜಿದ್ದು, ಎನಾಮೆಲ್ ದಾಟದಂತೆ. ಡೆಂಟಿನ್ (ಎನಾಮೆಲ್ ಕೆಳಗಿನ ಪದರ) ತೆರೆದರೆ ಹಿಡಿತ ಕಮ್ಮಿ, ಜುಮ್ಮೆನ್ನುವುದು ಜಾಸ್ತಿ. ಫ್ಲೋರೋಸಿಸ್ ಎನಾಮೆಲ್ ಆಮ್ಲಕ್ಕೆ ಬೇಗ ಬಗ್ಗಲ್ಲ, ಹಾಗಾಗಿ 37% ಫಾಸ್ಫೋರಿಕ್ ಆಮ್ಲದ ಎಚಿಂಗ್ (ಅಂಟು ಹಿಡಿಯಲು ಮೇಲ್ಮೈ ಒರಟು ಮಾಡುವುದು) ಮಾಮೂಲಿಗಿಂತ ಹೆಚ್ಚು ಹೊತ್ತು ಬೇಕು. ಅಂಟಿಸುವ ಮೊದಲು ಟ್ರೈ-ಇನ್ ಪೇಸ್ಟ್ (ಬಣ್ಣ ನೋಡಲು ತಾತ್ಕಾಲಿಕವಾಗಿ ಹಾಕುವ ಪೇಸ್ಟ್) ಹಾಕಿ ಹಗಲು ಬೆಳಕಲ್ಲಿ ನೋಡಿ: ತೆಳು ವೆನೀರ್‌ನಲ್ಲಿ ಕೆಳಗಿನ ಕಂದು ಇಣುಕುತ್ತೆ.

ರಾತ್ರಿ ಹಲ್ಲು ಕಡಿಯುವವರಿಗೆ ವೆನೀರ್ ಒಡೆಯದಂತೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಕಡ್ಡಾಯ. ನೀರು ಬದಲಿಸಿದರೆ ಕಲೆ ಹೋಗುತ್ತಾ ಅಂದವರಿಗೆ: ಇಲ್ಲ, ಹಲ್ಲು ರೂಪುಗೊಳ್ಳುವಾಗಲೇ ಕೂತ ಕಲೆ ಅದು. ಚಿಕ್ಕ ಮಕ್ಕಳಿಗೆ ಮಾತ್ರ ಈಗಲೇ ಬದಲಿಸಿ.