ಸ್ಪಿತಿ ಕಣಿವೆಗೆ ವಯಸ್ಸಾದವರೊಂದಿಗೆ ಹೋಗಲು ಯಾವ ದಾರಿ ಒಳ್ಳೆಯದು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ಅರವತ್ತು ದಾಟಿದ ನನ್ನ ತಾಯಿಯವರನ್ನು ಹಿಮಾಚಲ ಪ್ರದೇಶದ ಸ್ಪಿತಿಗೆ ಕರೆದೊಯ್ಯಬೇಕೆಂದಿದ್ದೇನೆ. ತಾಬೋದ ಬೌದ್ಧ ವಿಹಾರವನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ. ಅಟಲ್ ಸುರಂಗವಾದ ಮೇಲೆ ಮನಾಲಿಯಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಒಂದೇ ದಿನದಲ್ಲಿ ತಲುಪಬಹುದಂತೆ. ಅಮ್ಮನಿಗೆ ರಕ್ತದೊತ್ತಡವಿದ್ದು, ಮಾತ್ರೆಯಿಂದ ಹತೋಟಿಯಲ್ಲಿದೆ. ಈ ದಾರಿ ಹಿಡಿಯಬಹುದೇ?

ಉತ್ತರ (ಶಿರಸಿಯಿಂದ)

ದಯವಿಟ್ಟು ಬೇಡ. 2020ರಲ್ಲಿ ತೆರೆದ ಸುರಂಗವು ರೋಹ್ತಾಂಗ್ ಪಾಸ್ ಹತ್ತುವುದನ್ನು ತಪ್ಪಿಸಿತೇ ಹೊರತು, ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಪಾಸನ್ನು ಈಗಲೂ ದಾಟಲೇಬೇಕು. ಬೆಳಿಗ್ಗೆ 2,000 ಮೀಟರ್ ಎತ್ತರದ ಮನಾಲಿಯಲ್ಲಿದ್ದವರು ಆ ರಾತ್ರಿಯೇ 3,600 ಮೀಟರಿಗೂ ಮೇಲಿರುವ ಕಾಜಾದಲ್ಲಿ ಮಲಗುವುದು ಯಾವ ವಯಸ್ಸಿನವರಿಗೂ ಕ್ಷೇಮವಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ.

ಶಿಮ್ಲಾ ಕಡೆಯಿಂದ ಬನ್ನಿ. ಸರಾಹನ್‌ನಲ್ಲಿ ತಂಗಿ, ಕಲ್ಪಾದಲ್ಲಿ ಎರಡು ರಾತ್ರಿ ಕಳೆದು, ಇನ್ನೂ ಎತ್ತರದಲ್ಲಿರುವ ನಾಕೋದಲ್ಲಿ ಉಳಿಯದೆ ನೇರವಾಗಿ ತಾಬೋಗೆ ಹೋಗಿ. ಈ ದಾರಿಯಲ್ಲಿ ಕಾಜಾಕ್ಕಿಂತ ಮೊದಲೇ ತಾಬೋ ಸಿಗುತ್ತದೆ, ಎತ್ತರವೂ ಸುಮಾರು 3,280 ಮೀಟರ್ ಮಾತ್ರ. ಅಮ್ಮನವರ ಆಸೆ ಅಲ್ಲಿಯೇ ನೆರವೇರುವುದರಿಂದ, ಮುಂದೆ ಏರುವುದೋ ಬಿಡುವುದೋ ಎಂಬುದನ್ನು ಅವರ ಆರೋಗ್ಯ ನೋಡಿ ತೀರ್ಮಾನಿಸಬಹುದು.

ಉತ್ತರ (ಮಂಗಳೂರಿನಿಂದ)

ಮೇಲಿನ ಸಲಹೆ ಸರಿಯಾಗಿದೆ. ಎತ್ತರದ ಜಾಗಗಳಲ್ಲಿ ಆಗುವ ಅಸ್ವಸ್ಥತೆ ತಡೆಯಲು ಬಳಸುವ ಡಯಾಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರೆಂದು ಕೊಡಬೇಡಿ. ಅದು ಮೂತ್ರ ಹೆಚ್ಚಿಸುವ ಔಷಧಿ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದೇ ಕೆಲಸ ಮಾಡುತ್ತವೆ. ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ವೈದ್ಯರಿಗೆ ಮೊದಲೇ ತಿಳಿಸಿ. ತಲೆನೋವು, ವಾಕರಿಕೆ ಕಂಡರೆ ಮೇಲೆ ಏರಬೇಡಿ. ಕುಳಿತಲ್ಲೇ ಏದುಸಿರು ಬಂದರೆ ಅಥವಾ ನಡಿಗೆ ತಪ್ಪಿದರೆ ಬೆಳಗಾಗುವವರೆಗೂ ಕಾಯದೆ ಕೆಳಗಿಳಿಸಬೇಕು. ಶಿಮ್ಲಾ ಕಡೆಯ ದಾರಿಯಲ್ಲಿ ಸಿಗುವ ಕಿನ್ನೌರ್ ಜಿಲ್ಲೆಯಲ್ಲಿ ಮಳೆಗೆ ಗುಡ್ಡ ಕುಸಿಯುವುದುಂಟು, ಆದ್ದರಿಂದ ಹಿಂದಿರುಗುವ ಟಿಕೆಟ್‌ಗೆ ಮುನ್ನ ಒಂದೆರಡು ದಿನ ಬಿಡುವಿರಲಿ.

ಉತ್ತರ (ಮೈಸೂರಿನಿಂದ)

ತಾಬೋ ವಿಹಾರ ಸ್ಥಾಪನೆಯಾದದ್ದು 996ರಲ್ಲಿ. ಮಣ್ಣಿನ ಗೋಡೆಗಳ ಒಳಗೆ ಬೆಳಕು ತೀರ ಕಡಿಮೆಯಿರುವುದರಿಂದ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಅಮ್ಮನವರನ್ನು ಕೂರಿಸಿ ನಿಧಾನವಾಗಿ ತೋರಿಸಿ. ಗೋಡೆಗಳ ಮೇಲಿನ ಹಳೆಯ ಚಿತ್ರಗಳಿಗೆ ಹಾನಿಯಾಗದಿರಲೆಂದು ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಹಿಮ ಕರಗಿದ ನೀರನ್ನೇ ನಂಬಿ ಬಾರ್ಲಿ, ಬಟಾಣಿ ಬೆಳೆಯುವ ಊರುಗಳಿವು. ನೀವು ತಂಗಿದ ಮನೆಯವರು ನೀರು ಬಳಸದ ಒಣ ಶೌಚಾಲಯ ತೋರಿಸಿದರೆ ಅದನ್ನೇ ಬಳಸಿ, ಬಿಸಿನೀರಿನ ಸ್ನಾನಕ್ಕೆ ಒತ್ತಾಯಿಸಬೇಡಿ. ಕಾಜಾದವರೆಗೂ ಹೋಗುವಂತಾದರೆ ಹತ್ತಿರದ ಕಿಬ್ಬರ್‌ ಹಳ್ಳಿ ನೋಡಿ ಬನ್ನಿ, ಆದರೆ ಅದು 4,200 ಮೀಟರಿನ ಆಸುಪಾಸಿನಲ್ಲಿರುವುದರಿಂದ ರಾತ್ರಿಗೆ ಕೆಳಗಿಳಿಯಿರಿ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಹಿಮಚಿರತೆಯ ಉಳಿವಿಗಾಗಿ ಅಲ್ಲಿನ ಹಳ್ಳಿಗರೊಂದಿಗೆ ಸೇರಿ, ಅದು ಕೊಂದ ಜಾನುವಾರುಗಳಿಗೆ ಪರಿಹಾರ ಕೊಡುವ ವಿಮೆಯನ್ನು ನಡೆಸಿಕೊಂಡು ಬಂದಿದೆ. ಅದರ ಬಗ್ಗೆ ಊರವರನ್ನೇ ಕೇಳಿ ತಿಳಿಯಬಹುದು.