ಟೊಲೆಡೊ, 1492: ನನ್ನ ಕಾದಂಬರಿಯ ಮೊದಲ ಪುಟಗಳು ಹೇಗೆನಿಸುತ್ತವೆ?

ಪ್ರಶ್ನೆ:
ಸ್ಪೇನಿನಿಂದ ಯಹೂದಿಗಳನ್ನು ಹೊರಹಾಕಿದ ವರ್ಷವನ್ನು ಕುರಿತು ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅದರ ಆರಂಭ ಹೀಗಿದೆ:

“ಶುಕ್ರವಾರ ಹೊತ್ತು ಮುಳುಗುವ ಮುನ್ನವೇ ರೇನಾ ಕಡಲೆ, ಮಾಂಸ, ಈರುಳ್ಳಿ ತುಂಬಿದ ಮಡಕೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಸುತ್ತ ಹಿಟ್ಟು ಮೆತ್ತಿದಳು. ನಾಳೆ ಸಂಜೆಯವರೆಗೆ ಬೆಂಕಿ ಮುಟ್ಟುವಂತಿಲ್ಲ. ಬೀದಿಯಲ್ಲಿ ಡಂಗುರದ ಸದ್ದಾಯಿತು. ಸಾರಿದ್ದರಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: ಜುಲೈ ಮುಗಿಯುವುದರೊಳಗೆ.”

(ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್; ಬೆಂಕಿ ಮುಟ್ಟದಿರುವುದು ಅದಕ್ಕಾಗಿಯೇ.) ಇದಾದ ಮೇಲೆ ಎರಡು ಪುಟಗಳಲ್ಲಿ, 1391ರಲ್ಲಿ ಸೆವಿಲ್‌ನಲ್ಲಿ ಆರಂಭವಾಗಿ ಊರೂರಿಗೆ ಹಬ್ಬಿದ ಯಹೂದಿಗಳ ಹತ್ಯಾಕಾಂಡವನ್ನೂ, ಜೀವ ಉಳಿಸಿಕೊಳ್ಳಲು ಸಾವಿರಾರು ಜನ ಕ್ರೈಸ್ತರಾದುದನ್ನೂ ವಿವರಿಸಿದ್ದೇನೆ. ಕೊನೆಗೆ, ಕ್ರೈಸ್ತ ಮತಕ್ಕೆ ವಿರುದ್ಧವಾಗಿ ನಡೆದವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಮಂಡಳಿಯ ಅಧಿಕಾರಿಗಳು ರೇನಾಳ ಮನೆಗೆ ನುಗ್ಗಿ, ಆ ಮಡಕೆಯನ್ನೇ ಅಪರಾಧಕ್ಕೆ ಸಾಕ್ಷಿಯೆಂದು ಹೊತ್ತೊಯ್ಯುತ್ತಾರೆ. ಮೊದಲ ಓದಿಗೆ ಏನನಿಸಿತೆಂದು ದಯವಿಟ್ಟು ತಿಳಿಸಿ.

ಉತ್ತರ 1:
ಮಡಕೆಯಿಂದ ಆರಂಭಿಸಿರುವುದು ನನಗೆ ಬಹಳ ಹಿಡಿಸಿತು. ಹಿಟ್ಟು ಮೆತ್ತುವ ಕೈ ಕಣ್ಣಿಗೆ ಕಟ್ಟುತ್ತಿರುವಾಗಲೇ ಡಂಗುರ ಕೇಳಿಸುವುದರಿಂದ, ರಾಜಾಜ್ಞೆ ಆ ಅಡುಗೆಮನೆಯೊಳಗೇ ಬಂದು ನಿಂತಂತಾಗುತ್ತದೆ. ಆದರೆ ಅನಂತರದ ಎರಡು ಪುಟಗಳಲ್ಲಿ ರೇನಾ ಮರೆಯಾಗಿ ಪಾಠ ಆರಂಭವಾಗುತ್ತದೆ. ನಾನು ಅಲ್ಲಿ ಪುಸ್ತಕವನ್ನು ಕೆಳಗಿಡುತ್ತಿದ್ದೆ.

ಉತ್ತರ 2:
ಒಂದು ತಪ್ಪನ್ನು ಹೇಳಲೇಬೇಕು. ಇನ್‌ಕ್ವಿಸಿಷನ್ನಿನ ಅಧಿಕಾರ ನಡೆಯುತ್ತಿದ್ದುದು ಮುಖ್ಯವಾಗಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರ ಮೇಲೆ. ಬಹಿರಂಗವಾಗಿ ಯಹೂದಿಯಾಗಿಯೇ ಬಾಳುತ್ತಿರುವ ರೇನಾ ಶುಕ್ರವಾರ ಈ ಮಡಕೆಯನ್ನಿಟ್ಟರೆ ಅದು ಅವಳ ಧರ್ಮ. ಅದನ್ನೇ ಮತಾಂತರಗೊಂಡವರ ಮನೆಯಲ್ಲಿ ಇಟ್ಟರೆ, ಗುಟ್ಟಾಗಿ ಹಳೆಯ ಧರ್ಮವನ್ನು ಪಾಲಿಸುತ್ತಿದ್ದಾರೆ ಎಂಬುದಕ್ಕೆ ಪುರಾವೆ. ಅದಾಫಿನಾ ಎಂಬ ಈ ಅಡುಗೆಯ ಪ್ರಸ್ತಾಪ ವಿಚಾರಣೆಯ ಕಡತಗಳಲ್ಲಿ ನಿಜವಾಗಿಯೂ ಬರುತ್ತದೆ.

ಆದ್ದರಿಂದ ಅಧಿಕಾರಿಗಳು ನುಗ್ಗಬೇಕಾದದ್ದು ಪಕ್ಕದ ಬೀದಿಯಲ್ಲಿರುವ ಕ್ರೈಸ್ತ ಸಂಬಂಧಿಕರ ಮನೆಗೆ. 1391ರಲ್ಲಿ ರೇನಾಳ ಮುತ್ತಜ್ಜನ ತಮ್ಮ ಮತಾಂತರವಾದನೆಂದು ಇಟ್ಟುಕೊಳ್ಳಿ. ಆಗ ನಿಮ್ಮ ಎರಡು ಪುಟಗಳ ಇತಿಹಾಸವೆಲ್ಲ ಒಂದೇ ವಂಶದ ಎರಡು ಒಲೆಗಳ ನಡುವೆ ಅಡಗುತ್ತದೆ. ಮತಾಂತರವಾದವರನ್ನು ಯಹೂದಿಗಳ ಒಡನಾಟದಿಂದ ದೂರವಿಡಬೇಕೆಂಬುದೇ ಹೊರಹಾಕುವ ಆಜ್ಞೆಗೆ ಕೊಟ್ಟ ಕಾರಣವಾದ್ದರಿಂದ, ಕಥೆಯ ಎಳೆಯೂ ಗಟ್ಟಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಇಷ್ಟು ದೊಡ್ಡ ತಪ್ಪು ನನ್ನ ಗಮನಕ್ಕೆ ಬಂದಿರಲಿಲ್ಲ, ಮನಃಪೂರ್ವಕ ಕೃತಜ್ಞತೆಗಳು. ಆ ಮನೆಗೆ ಕದ್ದುಮುಚ್ಚಿ ಮಡಕೆ ಕೊಟ್ಟು ಬರುವವಳು ರೇನಾಳೇ ಆಗುತ್ತಾಳೆ. ಅಧ್ಯಾಯವನ್ನು ಎಲ್ಲಿಗೆ ನಿಲ್ಲಿಸುವುದು ಎಂಬುದೊಂದೇ ಈಗ ಉಳಿದಿರುವ ಚಿಂತೆ.

ಉತ್ತರ 3:
ಆಜ್ಞೆಗೆ ಗ್ರನಾಡಾದಲ್ಲಿ ಸಹಿ ಬಿದ್ದದ್ದು ಮಾರ್ಚ್ 31ರಂದು, ಆದರೆ ಅದನ್ನು ಸಾರಿದ್ದು ಏಪ್ರಿಲ್ ಕೊನೆಯ ಹೊತ್ತಿಗೆ; ಜನರಿಗೆ ಸಿಕ್ಕಿದ್ದು ಮೂರೇ ತಿಂಗಳು. ಚಿನ್ನ, ಬೆಳ್ಳಿ, ನಾಣ್ಯ ಯಾವುದನ್ನೂ ಒಯ್ಯುವಂತಿರಲಿಲ್ಲ. ಮನೆ ಕೊಟ್ಟು ಕತ್ತೆ ಪಡೆದರು, ದ್ರಾಕ್ಷಿತೋಟ ಕೊಟ್ಟು ತುಂಡು ಬಟ್ಟೆ ಪಡೆದರು ಎಂದು ಅಂದಿನ ಪಾದ್ರಿ ಆಂಡ್ರೆಸ್ ಬೆರ್ನಾಲ್ಡೆಸ್ ಬರೆದಿಟ್ಟಿದ್ದಾನೆ. ನಾನಾಗಿದ್ದರೆ, ಮನೆ ನೋಡಲು ಬಂದವನು ಕೋಣೆಗಳನ್ನು ಎಣಿಸುತ್ತಿರುವಾಗ, ರೇನಾ ಅಂಗಳದಲ್ಲಿ ಕಟ್ಟಿದ ಅವನ ಕತ್ತೆಯ ಹಲ್ಲು ನೋಡುತ್ತಿರುವಲ್ಲಿಗೆ ಅಧ್ಯಾಯವನ್ನು ನಿಲ್ಲಿಸುತ್ತಿದ್ದೆ.